ಕೆಂಪು ಬಕೆಟ್ಟಿನ ಕನ್ನಡಕಗಳು

ಮನೆಯಿಂದ,
ಬುಧವಾರ, ಇಪ್ಪತ್ತೆರಡನೆಯ ತಾರೀಕು, ಬೆಳಗಿನ ಹತ್ತು ಗಂಟೆ

ನನ್ನ ಮನೆಯ ಯಜಮಾನಿಗೆ, ಹೆಸರಿಗಷ್ಟೇ ಯಜಮಾನನಾದವನು ಬರೆಯುವ ಕಾಗದ.

ಹೇಗಿದ್ದೀಯ? ಮಂಡಿ ನೋವು ಹೇಗಿದೆ? ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ ಅಥವಾ ಚೀಲದ ತಳದಲ್ಲೇ ಇಟ್ಟುಕೊಂಡು ಊರೂರು ಸುತ್ತಿಸುತ್ತಿದ್ದೀಯೋ? ಮಗಳ ಮನೆಯಲ್ಲಿ ಕೆಲಸವೆಲ್ಲ ಮೈಮೇಲೆ ಎಳೆದುಕೊಂಡು ಓಡಾಡುತ್ತಿರುತ್ತೀಯ ಎಂಬುದು ನನಗೆ ಕೂತಲ್ಲೇ ಗೊತ್ತು. ಅಳಿಯನಿಗೂ ಎರಡು ಕೈ ಇವೆ, ಅವನ್ನೂ ಸ್ವಲ್ಪ ಆಡಿಸಲಿ. ಮಗಳು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಾಳೆಯೇ? ಕೂಸು ರಾತ್ರಿಯೆಲ್ಲ ಎದ್ದಿದ್ದು ಹಗಲೆಲ್ಲ ಮಲಗುತ್ತದೆ ಎಂದು ನೀನು ಹೇಳಿದ್ದೆ. ಅದರ ಅಮ್ಮನೂ ಹಾಗೇ ಇದ್ದಳು, ಆಗ ನೀನು ನನ್ನ ಕಡೆಯವರನ್ನೆಲ್ಲ ಬೈದಿದ್ದೆ, ಈಗ ಯಾರನ್ನು ಬೈಯುತ್ತೀಯೋ ನೋಡೋಣ. ಕಳಿಸಿದ ಫೋಟೋ ನೋಡಿದೆ. ಮೂಗು ನಿಸ್ಸಂದೇಹವಾಗಿ ನಿನ್ನದು. ನನ್ನದು ಬಂದಿದ್ದರೆ ಕೂಸಿಗೆ ಕಷ್ಟವಾಗುತ್ತಿತ್ತು.

ಇಲ್ಲಿ ನಾನು ಚೆನ್ನಾಗಿ ಉಂಡುಕೊಂಡು ಇದ್ದೇನೆ. ನೀನು ಹೋದಾಗಿನಿಂದ ಹಾಲು ಉಕ್ಕಿದ್ದು ಎರಡೇ ಸಲ. ಪಕ್ಕದ ಮನೆಯವರು ಮೂರು ಎಂದರೆ ನಂಬಬೇಡ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಾನು ಒಂದು ವಾಕ್ಯ ಶುರುಮಾಡಿದರೆ ಅದನ್ನು ಮುಗಿಸುವವಳು ನೀನು. ಈ ಸಲ ನಾನೇ ಶುರುಮಾಡಿ ನಾನೇ ಮುಗಿಸಬೇಕಾದ ಮಾತೊಂದಿದೆ, ಅದಕ್ಕೇ ಕಾಗದ. ಸುತ್ತಿ ಬಳಸದೆ ಹೇಳಿಬಿಡುತ್ತೇನೆ, ಕೂತುಕೊಂಡು ಓದು. ನನ್ನ ಬಲಗಣ್ಣಿಗೆ ತೊಂದರೆಯಾಗಿದೆ. ಆಸ್ಪತ್ರೆಗೆ ಹೋಗಿ ಬಂದಾಯಿತು, ಔಷಧ ಶುರುವಾಗಿದೆ, ಎಡಗಣ್ಣು ನೆಟ್ಟಗಿದೆ, ಈ ಕಾಗದ ಅದರ ದಯೆಯಿಂದಲೇ ಬರೆಯುತ್ತಿದ್ದೇನೆ. ಬಲಗಣ್ಣು ಎಷ್ಟರಮಟ್ಟಿಗೆ ಉಳಿಯುತ್ತದೆ ಎಂಬುದು ಇನ್ನು ಕೆಲವು ತಿಂಗಳಲ್ಲಿ ತಿಳಿಯುತ್ತದೆ. ಆದರೆ ಇದನ್ನು ಮೊದಲು ಕಂಡುಹಿಡಿದವರು ವೈದ್ಯರಲ್ಲ, ನಾನಂತೂ ಅಲ್ಲವೇ ಅಲ್ಲ. ರಜೆಯಲ್ಲಿ ಸೇವೆ ಮಾಡಲು ಬಂದ ಕಾಲೇಜಿನ ಮಕ್ಕಳು. ಆ ಕಥೆಯನ್ನು ಪೂರ್ತಿ ಕೇಳದೆ ನೀನು ಬಟ್ಟೆ ಜೋಡಿಸಿಕೊಂಡು ಹೊರಡಕೂಡದು.

ನೀನು ಹೊರಟ ಎರಡನೇ ದಿನವೇ ವಾಚನಾಲಯದ ಮೇಡಂ ಮನೆಗೆ ಬಂದರು. ರಜೆ ಶುರುವಾದರೆ ಕಾಲೇಜಿನವರು ಪ್ರತಿ ವಿದ್ಯಾರ್ಥಿಗೂ ನಲವತ್ತು ಗಂಟೆಯ ಸೇವೆ ಎಂದು ಇಟ್ಟಿದ್ದಾರಂತೆ. ಎಲ್ಲೆಲ್ಲಿ ಸೇವೆ ಮಾಡಬಹುದು ಎಂದು ಒಂದು ಪಟ್ಟಿ ಅಂಟಿಸಿ, ಹೆಸರು ಬರೆಸಿ ಎನ್ನುತ್ತಾರಂತೆ. ನಾಯಿಮರಿಗಳ ಆಶ್ರಯಕ್ಕೆ ಅರ್ಧ ಗಂಟೆಯಲ್ಲಿ ಹೆಸರು ಭರ್ತಿ. ಮಕ್ಕಳ ವಾರ್ಡಿನಲ್ಲಿ ಕಥೆ ಹೇಳುವುದಕ್ಕೆ ನೂಕುನುಗ್ಗಲು. ಗಿಡ ನೆಡುವುದಕ್ಕೆ ಫೋಟೋ ಚೆನ್ನಾಗಿ ಬರುತ್ತದೆ ಎಂದು ಒಂದು ಬಸ್ಸಿನಷ್ಟು ಮಂದಿ. ಪಟ್ಟಿಯ ಕೊನೆಗೆ ‘ದಾನವಾಗಿ ಬಂದ ಹಳೆಯ ಕನ್ನಡಕಗಳ ವಿಂಗಡಣೆ, ಸ್ಥಳ: ವಾಚನಾಲಯದ ಹಿಂದಿನ ಕೋಣೆ’ ಎಂದಿತ್ತಂತೆ. ಅದಕ್ಕೆ ಸಿಕ್ಕಿದ್ದು ಐದು ಮಂದಿ, ಅದೂ ಹೆಸರು ಬರೆಸಲು ತಡವಾಗಿ ಬಂದವರು. ಕನ್ನಡಕದ ಕಸುಬು ಗೊತ್ತಿರುವ ಒಬ್ಬರು ತಲೆಯ ಮೇಲೆ ನಿಂತು ನೋಡಿಕೊಳ್ಳಬೇಕು, ನೀವು ಬನ್ನಿ ಎಂದು ಮೇಡಂ ಕೇಳಿದರು. ಅಂಗಡಿ ಮುಚ್ಚಿ ಎರಡು ವರ್ಷವಾದ ಮೇಲೆ ನನ್ನನ್ನು ಕಸುಬಿನವನು ಎಂದು ಕರೆದವರು ಅವರೊಬ್ಬರೇ. ಕರೆಯುವುದಕ್ಕೇ ಕಾಯುತ್ತಿದ್ದವನಂತೆ ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಕೆಲಸ ಹೀಗೆ. ಕಣ್ಣಾಸ್ಪತ್ರೆಯವರು ಹೊಲಿಗೆ ಕಾರ್ಖಾನೆಯಲ್ಲಿ, ಲಾರಿ ನಿಲ್ದಾಣದಲ್ಲಿ, ಮಾರುಕಟ್ಟೆಯ ಕೂಲಿಯವರಲ್ಲಿ ಇನ್ನೂರ ಹನ್ನೆರಡು ಮಂದಿಯ ಕಣ್ಣು ನೋಡಿ, ಯಾರಿಗೆ ಎಷ್ಟು ಪವರ್ ಬೇಕು ಎಂದು ಚೀಟಿ ಬರೆದು ಕೊಟ್ಟಿದ್ದರು. ದಾನಕ್ಕೆ ಬಂದ ಆರುನೂರ ನಲವತ್ತು ಕನ್ನಡಕಗಳನ್ನು ತಮ್ಮ ಯಂತ್ರದಲ್ಲಿ ಅಳೆದು, ಒಂದೊಂದಕ್ಕೂ ಕಾಗದದ ಚೂರು ಅಂಟಿಸಿ ಕಳಿಸಿದ್ದರು. ನಾವು ಚೀಟಿಗೂ ಕನ್ನಡಕಕ್ಕೂ ಜೋಡಿ ಹುಡುಕಿ, ಒರೆಸಿ, ತಿರುಪು ಬಿಗಿದು, ಹತ್ತೊಂಬತ್ತನೇ ತಾರೀಕು ಭಾನುವಾರ ಕೊಡಬೇಕು. ಅಷ್ಟು ಜನಕ್ಕೂ ಆ ದಿನ ಬನ್ನಿ ಎಂದು ಹೇಳಿಯಾಗಿತ್ತು. ಕಾರ್ಖಾನೆಯವರಿಗೆ ಅದೊಂದೇ ಬಿಡುವಿನ ದಿನ.

ಮಕ್ಕಳು ಆರನೇ ತಾರೀಕು ಬಂದರು. ಹೆಸರುಗಳು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ ಎಂಬುದು ನಿನಗೆ ಗೊತ್ತೇ ಇದೆ, ನಾನು ಇಟ್ಟದ್ದೇ ಹೆಸರು. ಬಾಗಿಲಿಗೆ ತಲೆ ತಾಗುವಷ್ಟು ಉದ್ದದ ಒಬ್ಬ ಹುಡುಗ, ಅವನು ಲಂಬೂ. ಬಂದ ಕೂಡಲೇ ಗೋಡೆಯ ಗಡಿಯಾರ ನೋಡಿ ಪುಸ್ತಕದಲ್ಲಿ ಬರೆದುಕೊಂಡ ಒಬ್ಬಳು ಹುಡುಗಿ. ಚಹಾಕ್ಕೆ ಎದ್ದರೆ ಲೆಕ್ಕದಿಂದ ಹನ್ನೊಂದು ನಿಮಿಷ ಕಳೆದು, ವಾಪಸು ಬಂದ ಹೊತ್ತು ಬರೆದು, ದಿನಕ್ಕೆ ಐದು ಗಂಟೆಯಂತೆ ಎಂಟು ದಿನಕ್ಕೆ ನಲವತ್ತು ಎಂದು ಮೊದಲೇ ಗೆರೆ ಎಳೆದಿಟ್ಟುಕೊಂಡಿದ್ದಳು. ಅವಳಿಗೆ ಗಡಿಯಾರ ಎಂದೇ ಹೆಸರಿಟ್ಟೆ. ಮಿಕ್ಕ ಮೂವರು ಒಬ್ಬರಿಗೊಬ್ಬರು ಅಂಟಿಕೊಂಡೇ ಇರುವ ಗೆಳತಿಯರು. ಸರ್ಟಿಫಿಕೇಟಿಗೆ ಬಂದ ಸೇವೆ ಎಂದು ಮನಸ್ಸಿನಲ್ಲೇ ಮೂಗು ಮುರಿದೆ. ಅವರೂ ನನ್ನನ್ನು ಅಂಕಲ್ ಎಂದು ಕರೆದು ಸೇಡು ತೀರಿಸಿಕೊಂಡರು.

ಎರಡನೇ ದಿನ ನಾನು ಬ್ಯಾಂಕಿಗೆ ಹೋಗಿ ಬರುವಷ್ಟರಲ್ಲಿ ಅನಾಹುತವಾಗಿತ್ತು. ಪಾಪ, ಬೇರೆಯವರ ಮೂಗಿನ ಮೇಲೆ ಕೂತು ಬಂದ ಕನ್ನಡಕಗಳು, ಕೊಡುವ ಮುಂಚೆ ಶುಚಿಯಾಗಿರಲಿ ಎಂದು ಗಡಿಯಾರ ಸಲಹೆ ಕೊಟ್ಟಿದ್ದಾಳೆ. ಮೇಡಂ ಚಹಾ ಕಾಯಿಸುವ ಒಲೆಯಲ್ಲೇ ನೀರು ಬಿಸಿಮಾಡಿ, ಸೋಪಿನ ಪುಡಿ ಹಾಕಿ, ಆರುನೂರ ನಲವತ್ತನ್ನೂ ಮುಳುಗಿಸಿ ತೊಳೆದಿದ್ದಾರೆ. ನಾನು ಬಂದಾಗ ಕನ್ನಡಕಗಳೆಲ್ಲ ಕಿಟಕಿಯ ಕೆಳಗೆ ಬಟ್ಟೆಯ ಮೇಲೆ ಸಾಲಾಗಿ ಮಲಗಿ ಹೊಳೆಯುತ್ತಿದ್ದವು. ಪವರ್ ಬರೆದ ಕಾಗದದ ಚೂರುಗಳೆಲ್ಲ ಬಕೆಟ್ಟಿನ ತಳದಲ್ಲಿ ಮುದ್ದೆಯಾಗಿ, ಶಾಯಿ ನೀರುಪಾಲಾಗಿ ಕೂತಿದ್ದವು. ಐದು ಮುಖಗಳೂ ‘ಹೇಗಿದೆ ಅಂಕಲ್?’ ಎಂದು ನನ್ನ ಶಭಾಷಿಗಾಗಿ ಕಾಯುತ್ತಿದ್ದವು. ಯಾವ ಕನ್ನಡಕ ಯಾವ ಪವರಿನದು ಎಂದು ಇನ್ನು ಬ್ರಹ್ಮನಿಗೂ ಗೊತ್ತಿಲ್ಲ ಎಂದು ಹೇಳಿದೆ. ಅವರಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ಗಡಿಯಾರ ಆ ಮುದ್ದೆಯನ್ನು ಬಿಡಿಸಿ ಓದಲು ನೋಡಿದಳು.

ಆಸ್ಪತ್ರೆಗೆ ಫೋನ್ ಮಾಡಿದರೆ ಯಂತ್ರ ನಡೆಸುವವನು ತಂಗಿಯ ಮದುವೆಗೆ ಹೋಗಿದ್ದಾನೆ, ತಿಂಗಳ ಕೊನೆಗೆ ಬರುತ್ತಾನೆ ಎಂದರು. ನಮ್ಮ ಅಂಗಡಿಯಿದ್ದಲ್ಲಿ ಈಗ ಫೋನಿನ ಕವಚ ಮಾರುತ್ತಾರೆ. ಆಗ ನೆನಪಾಯಿತು ನೋಡು, ಅಟ್ಟದ ಮೇಲಿನ ನನ್ನ ಮರದ ಪೆಟ್ಟಿಗೆ. ನೀನು ನಾಲ್ಕು ಸಲ ಗುಜರಿಗೆ ಕೊಡಹೊರಟು ನಾನು ನಾಲ್ಕು ಸಲ ಅಡ್ಡ ಬಂದದ್ದು. ಒಳಗೆ ಇನ್ನೂರು ಅಳತೆ ಗಾಜುಗಳು, ಒಂದೊಂದರ ಪವರೂ ಅಂಚಿನಲ್ಲಿ ಕೊರೆದದ್ದು. ಯಂತ್ರಗಳಿಲ್ಲದ ಕಾಲದಲ್ಲಿ ನಾನು ಕಲಿತ ವಿದ್ಯೆಯನ್ನು ಆ ಮಧ್ಯಾಹ್ನ ಮಕ್ಕಳಿಗೆ ತೋರಿಸಿದೆ. ಗೋಡೆಗೆ ಬಿಳಿ ಕಾಗದ, ಅದರ ಮೇಲೆ ಒಂದು ದೊಡ್ಡ ಕಪ್ಪು ಕೂಡುಗೆರೆ, ಅಡ್ಡ ಒಂದು, ನೆಟ್ಟಗೆ ಒಂದು. ಕನ್ನಡಕವನ್ನು ಕೈ ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಗಾಜಿನ ಮೂಲಕ ಗೆರೆ ನೋಡುತ್ತ ಕೈಯನ್ನು ಮೆಲ್ಲಗೆ ಸರಿಸಬೇಕು. ಗೆರೆ ಕೈಯ ಜೊತೆಗೇ ಸರಿದರೆ ಅದು ದೂರ ನೋಡುವ ಗಾಜು. ಕೈಗೆ ಎದುರಾಗಿ ಸರಿದರೆ ಓದುವ ಗಾಜು. ಆಮೇಲೆ ಪೆಟ್ಟಿಗೆಯ ಗಾಜುಗಳನ್ನು ಒಂದೊಂದಾಗಿ ಅದರ ಬೆನ್ನಿಗೆ ಹಚ್ಚುತ್ತ ಹೋಗಬೇಕು. ಯಾವುದನ್ನು ಹಚ್ಚಿದಾಗ ಗೆರೆ ಅಲುಗದೆ ನಿಲ್ಲುತ್ತದೋ ಅದೇ ಅಳತೆ. ಲಂಬೂ ಇದಕ್ಕೆ ಫೋನಿನಲ್ಲಿ ಆಪ್ ಇಲ್ಲವೇ ಎಂದು ಕೇಳಿದ. ಇದೆ, ಆದರೆ ಅದಕ್ಕೂ ಬಿಸಿನೀರು ಹಾಕಿಬಿಡುತ್ತೀರಿ ಎಂದೆ. ಮೊದಲ ಗೆರೆ ನಿಂತದ್ದು ಗಡಿಯಾರಳ ಕೈಯಲ್ಲಿ. ‘ನಿಂತ್ಕೊಂಡ್ತು’ ಎಂದು ಉಸಿರು ಬಿಟ್ಟಳು. ಆ ಹೊತ್ತಿನಿಂದ ನಾನು ಅಂಕಲ್ ಹೋಗಿ ಮೇಷ್ಟ್ರು ಆದೆ. ಆ ದಿನ ಅವಳು ಹೊರಡುವ ಹೊತ್ತು ಬರೆದುಕೊಳ್ಳುವುದನ್ನು ಮರೆತಳು ಎಂದು ಮೇಡಂ ನನಗೆ ಗುಟ್ಟಾಗಿ ಹೇಳಿದರು.

ಹೀಗೆ ನಡೆಯಿತು. ಮಕ್ಕಳು ಅಳೆಯುವುದು, ನಾನು ಕೊನೆಗೊಮ್ಮೆ ನೋಡುವುದು. ಸರಿಯಾದದ್ದು ತಟ್ಟೆಗೆ, ಕೆಟ್ಟದ್ದು ಕೆಂಪು ಬಕೆಟ್ಟಿಗೆ. ಬಕೆಟ್ಟು ಬೇಗಬೇಗ ತುಂಬತೊಡಗಿತು. ಗೆರೆ ನೋಡಿದರೆ ನಡುವೆ ಸಣ್ಣದಾಗಿ ಬಳುಕಿದ ಹಾಗೆ, ಗಾಜಿನಲ್ಲೇ ಡೊಂಕು. ಪ್ಲಾಸ್ಟಿಕ್ ಗಾಜು ಬಿಸಿಗೆ ಡೊಂಕಾಗುತ್ತದೆ ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಬಿಸಿನೀರು ಮಾಡಿದ ಕೆಲಸ ಇದು ಎಂದು ಎಲ್ಲರೆದುರಿಗೇ ಹೇಳಿದೆ. ದಿನಕ್ಕೊಂದು ಸಲವಲ್ಲ, ಡೊಂಕು ಕಂಡಾಗಲೆಲ್ಲ ಹೇಳಿದೆ. ನನ್ನ ಬಾಯಿ ನಿನಗೆ ಗೊತ್ತಲ್ಲ. ಹದಿಮೂರನೇ ತಾರೀಕಿನ ಹೊತ್ತಿಗೆ ಬಕೆಟ್ಟಿನಲ್ಲಿ ನೂರ ಹದಿನೆಂಟು. ಇನ್ನೂರ ಹನ್ನೆರಡು ಚೀಟಿಗಳಲ್ಲಿ ಜೋಡಿ ಸಿಕ್ಕಿದ್ದು ತೊಂಬತ್ತಕ್ಕೂ ಕಡಿಮೆ. ಭಾನುವಾರ ಅರ್ಧಕ್ಕರ್ಧ ಜನ ಬರಿಗೈಯಲ್ಲಿ ವಾಪಸು ಹೋಗಬೇಕಾಗುತ್ತದೆ ಎಂದು ಮೇಡಂ ಚಿಂತೆಗೆ ಬಿದ್ದರು. ಗಡಿಯಾರ ಎಂಬ ಆ ಹುಡುಗಿ ದಿನದಿನಕ್ಕೆ ಸಣ್ಣಗಾಗುತ್ತಿದ್ದಳು. ಸಂಜೆ ಎಲ್ಲರೂ ಹೋದ ಮೇಲೆ ಒಬ್ಬಳೇ ಬಕೆಟ್ಟಿನ ಮುಂದೆ ಕೂತು, ಒಂದೆರಡಾದರೂ ಉಳಿಸಿಕೊಳ್ಳಬಹುದೇ ಎಂದು ಮತ್ತೆ ಮತ್ತೆ ಅಳೆಯುತ್ತಿದ್ದಳಂತೆ. ಅವಳ ಕಣ್ಣಿಗೆ ಎಲ್ಲವೂ ಸರಿಯಾಗಿ ಕಂಡರೂ ಮೇಷ್ಟ್ರು ಹೇಳಿದ ಮೇಲೆ ತಾನೇ ತಪ್ಪಿರಬೇಕು ಎಂದುಕೊಳ್ಳುತ್ತಿದ್ದಳಂತೆ. ಇದು ನನಗೆ ಆಮೇಲೆ ತಿಳಿದದ್ದು. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಹದಿನಾಲ್ಕನೇ ತಾರೀಕು, ಮಂಗಳವಾರ, ಮಧ್ಯಾಹ್ನ ಮೂರು ಗಂಟೆಯಿರಬೇಕು. ಒಂದು ಕಂದು ಬಣ್ಣದ ಚೌಕಟ್ಟು ನನ್ನ ಸರದಿಗೆ ಬಂತು. ಎತ್ತಿ ಹಿಡಿದೆ, ಎಡಗಣ್ಣು ಮುಚ್ಚಿದೆ, ಬಲಗಡೆಯ ಗಾಜಿನಲ್ಲಿ ಗೋಡೆಯ ಗೆರೆ ನೋಡಿದೆ. ಬಳುಕು. ‘ಇದೂ ಡೊಂಕು, ಬಕೆಟ್ಟಿಗೆ ಹಾಕು’ ಎಂದು ಲಂಬೂವಿನ ಕೈಗೆ ಕೊಟ್ಟೆ. ಅವನು ಹಿಡಿದುಕೊಂಡ. ಅವನ ಹೆಬ್ಬೆರಳು ಬಲಗಡೆಯ ಚೌಕಟ್ಟಿನೊಳಗೆ ತೂರಿ ಆಚೆ ಬಂತು. ಅದರಲ್ಲಿ ಗಾಜೇ ಇರಲಿಲ್ಲ. ತಿರುಪು ಸಡಿಲಾಗಿ ಗಾಜು ಬಿದ್ದು ಮೇಜಿನ ಬಟ್ಟೆಯ ಮಡಿಕೆಯಲ್ಲಿ ಕೂತಿತ್ತು. ನಾನು ಬರೀ ಗಾಳಿಯನ್ನು ಹಿಡಿದುಕೊಂಡು ಗಾಜು ಡೊಂಕು ಎಂದಿದ್ದೆ. ಗೆಳತಿಯರಲ್ಲಿ ಒಬ್ಬಳಿಗೆ ನಗು ಬಂತು, ಮಿಕ್ಕವರ ಮುಖ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಲಂಬೂ ತನ್ನ ಹೆಬ್ಬೆರಳನ್ನೇ ನೋಡುತ್ತ ನಿಂತ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬಂತೆ ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಗಡಿಯಾರಳೇ ಮೆಲ್ಲಗೆ ಹೇಳಿದಳು: ‘ಮೇಷ್ಟ್ರೇ, ಸಿಟ್ಟು ಮಾಡ್ಕೋಬೇಡಿ. ಕೈಯಲ್ಲಿ ಏನೂ ಹಿಡ್ಕೊಳ್ದೆ, ಅದೇ ಕಣ್ಣಲ್ಲಿ ಒಂದ್ಸಲ ಗೋಡೆ ನೋಡಿ.’

ನೋಡಿದೆ. ಗೆರೆ ನಡುವೆ ಬಾಗಿತ್ತು, ಒದ್ದೆ ದಾರದ ಹಾಗೆ. ಬಾಗಿದ ಕಡೆ ಸ್ವಲ್ಪ ಮಸುಕೂ ಇತ್ತು. ಆಗ ನಾನು ಏನು ಹೇಳಿದೆ ಊಹಿಸು. ಗೆರೆ ಎಳೆದವನೇ ಸರಿಯಾಗಿ ಎಳೆದಿಲ್ಲ ಎಂದೆ. ಸ್ಕೇಲು ಹಿಡಿದು ಎಳೆದದ್ದು ಲಂಬೂ. ನಿಮ್ಮ ಸರ್ಟಿಫಿಕೇಟು ಎಲ್ಲಿ ಬೇಕೋ ಅಲ್ಲಿ ತೆಗೆದುಕೊಳ್ಳಿ, ನನಗೆ ಕಸುಬು ಕಲಿಸಲು ಬರಬೇಡಿ ಎಂದು ಇನ್ನೂ ಏನೇನೋ ಅಂದು, ಕೊಡೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಬಂದು ಹಜಾರದಲ್ಲಿ ಕೂತೆ. ಬಾಗಿಲ ಚೌಕಟ್ಟು ನೋಡಿದೆ, ಕ್ಯಾಲೆಂಡರಿನ ಮನೆಗಳನ್ನು ನೋಡಿದೆ, ಕಿಟಕಿಯ ಸರಳು ನೋಡಿದೆ. ಎಡಗಣ್ಣಿಗೆ ಎಲ್ಲವೂ ನೆಟ್ಟಗೆ, ಬಲಗಣ್ಣಿಗೆ ಎಲ್ಲವೂ ಡೊಂಕು. ಅಳೆಯುವಾಗ ಎಡಗಣ್ಣಿನಲ್ಲಿ ನೋಡಿದವು ತಟ್ಟೆಗೆ, ಬಲಗಣ್ಣಿನಲ್ಲಿ ನೋಡಿದವು ಬಕೆಟ್ಟಿಗೆ ಹೋಗಿದ್ದವು ಎಂದು ಆಗ ಹೊಳೆಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಒಂದು ವಾರದಿಂದ ಹುಡುಗಿಯೊಬ್ಬಳ ಬಿಸಿನೀರನ್ನು ಡೊಂಕು ಎನ್ನುತ್ತಿದ್ದೆ. ನಲವತ್ತು ವರ್ಷ ಕೌಂಟರಿನ ಆಚೆ ನಿಂತು ‘ಇಷ್ಟು ದಿನ ಯಾಕೆ ತೋರಿಸಲಿಲ್ಲ’ ಎಂದು ಊರವರನ್ನೆಲ್ಲ ಗದರಿಸಿದವನ ಕಣ್ಣು ನೋಡುವವರೇ ಇರಲಿಲ್ಲ. ದೀಪದ ಕೆಳಗೇ ಕತ್ತಲೆ ಎನ್ನುವುದು ಸುಳ್ಳಲ್ಲ. ಹೆದರಿದೆನೇ ಎಂದು ಕೇಳುತ್ತೀಯ. ಹೆದರಿದೆ. ನಿನಗೆ ಫೋನ್ ಮಾಡಲು ಎರಡು ಸಲ ಕೈಗೆತ್ತಿಕೊಂಡೆ. ನೀನು ಮೊದಲು ಕೂಸಿನ ಸುದ್ದಿ ಹೇಳುತ್ತೀಯ, ಆಮೇಲೆ ನಾನು ಈ ಸುದ್ದಿ ಹೇಗೆ ಹೇಳಲಿ ಎಂದು ಕೆಳಗಿಟ್ಟೆ.

ಬೆಳಿಗ್ಗೆ ಎಂಟು ಗಂಟೆಗೆ ಬಾಗಿಲು ಬಡಿದ ಸದ್ದು. ತೆರೆದರೆ ಗಡಿಯಾರ, ಕೈಯಲ್ಲಿ ನನ್ನ ಕೊಡೆ. ಹಿಂದೆ ಮೂರು ಮಾರು ದೂರದಲ್ಲಿ ಲಂಬೂ, ಆಟೋ ನಿಲ್ಲಿಸಿಕೊಂಡು. ನಿನ್ನ ನಲವತ್ತು ಗಂಟೆಗೆ ಸಹಿ ಬೇಕಿದ್ದರೆ ಮೇಡಂ ಹಾಕುತ್ತಾರೆ ಹೋಗಮ್ಮ ಎಂದೆ, ಗಂಟಲು ಗಡಸು ಮಾಡಿಕೊಂಡು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: ‘ನಲವತ್ತು ಗಂಟೆ ನಿನ್ನೆಗೇ ಮುಗೀತು ಮೇಷ್ಟ್ರೇ. ಇವತ್ತು ಬಂದಿದ್ದು ಅದಕ್ಕಲ್ಲ. ಕಣ್ಣಾಸ್ಪತ್ರೆಗೆ ಹೋಗೋಣ, ಬನ್ನಿ.’ ನಿಮಿಷ ನಿಮಿಷಕ್ಕೂ ಲೆಕ್ಕವಿಡುತ್ತಿದ್ದ ಹುಡುಗಿ ಹೀಗೆಂದಾಗ ನನ್ನ ಜಂಬವೆಲ್ಲ ಇಳಿದುಹೋಯಿತು. ಹೊಸ್ತಿಲಲ್ಲೇ ನಿಂತು, ತಪ್ಪು ನಿನ್ನ ಬಿಸಿನೀರಿನದಲ್ಲ ತಾಯಿ, ನನ್ನ ಕಣ್ಣಿನದು ಎಂದೆ. ಅವಳು ಅತ್ತಳು. ನಾನೂ ಸ್ವಲ್ಪ ಅತ್ತೆ. ಲಂಬೂ ಆಟೋದವನ ಜೊತೆ ಏನೋ ಮಾತಾಡುವವನಂತೆ ಆ ಕಡೆ ತಿರುಗಿಕೊಂಡ, ಒಳ್ಳೆಯ ಹುಡುಗ.

ಆಸ್ಪತ್ರೆಯ ಅರ್ಜಿಯಲ್ಲಿ ಜೊತೆಗೆ ಬಂದವರ ಸಂಬಂಧ ಏನು ಎಂಬ ಸಾಲಿನಲ್ಲಿ ಅವಳು ‘ವಿದ್ಯಾರ್ಥಿನಿ’ ಎಂದು ಬರೆದಳು. ವೈದ್ಯೆ ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ಚೌಕುಳಿ ಚೌಕುಳಿಯಾದ ಕಾಗದ ತೋರಿಸಿದರು, ದೀಪ ಹಾಕಿದರು, ಫೋಟೋ ತೆಗೆದರು. ಬಲಗಣ್ಣಿನ ಹಿಂದಿನ ಪರದೆಯ ನಟ್ಟನಡುವೆ ನೀರು ತುಂಬಿ ಊದಿಕೊಂಡಿದೆಯಂತೆ. ಅದಕ್ಕೇ ನೆಟ್ಟಗಿನದು ಡೊಂಕಾಗಿ ಕಾಣುವುದು. ತಿಂಗಳಿಗೊಂದು ಇಂಜೆಕ್ಷನ್, ಸದ್ಯಕ್ಕೆ ಆರು. ಹೋಗಿರುವ ದೃಷ್ಟಿಯೆಲ್ಲ ವಾಪಸು ಬರುತ್ತದೆ ಎಂದು ಮಾತು ಕೊಡಲಾರೆ, ಆದರೆ ಇರುವುದನ್ನು ಹಿಡಿದು ನಿಲ್ಲಿಸಬಹುದು, ಸ್ವಲ್ಪ ಸುಧಾರಿಸಲೂಬಹುದು ಎಂದರು. ‘ಇನ್ನು ಆರು ತಿಂಗಳು ಬಿಟ್ಟು ಬಂದಿದ್ರೆ ನನ್ನ ಹತ್ರ ಸಮಾಧಾನದ ಮಾತು ಬಿಟ್ಟು ಬೇರೇನೂ ಇರ್ತಿರಲಿಲ್ಲ’ ಎಂದೂ ಹೇಳಿದರು. ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತು ಎಂದುಕೊಂಡೆ. ಶುಕ್ರವಾರ ಮೊದಲ ಸೂಜಿ ಆಯಿತು. ಕಣ್ಣಿಗೆ ಸೂಜಿಯೇ ಎಂದು ನೀನು ಎದೆ ಹಿಡಿದುಕೊಳ್ಳಬೇಡ. ಮರಗಟ್ಟುವ ಹನಿ ಹಾಕುತ್ತಾರೆ, ಒತ್ತಿದ್ದು ಗೊತ್ತಾಗುತ್ತದೆ, ಚುಚ್ಚಿದ್ದು ಗೊತ್ತಾಗುವುದಿಲ್ಲ.

ಇತ್ತ ವಾಚನಾಲಯದಲ್ಲಿ ಏನಾಯಿತು ಕೇಳು. ಐವರ ಗಂಟೆಗಳೂ ಮುಗಿದಿದ್ದವು. ಒಬ್ಬಳು ಮನೆಯವರೊಂದಿಗೆ ಪ್ರವಾಸಕ್ಕೆ ಹೋಗಬೇಕಿತ್ತು, ಹೋದಳು, ತಪ್ಪೇನಿಲ್ಲ. ಮಿಕ್ಕ ನಾಲ್ವರು ಶನಿವಾರದವರೆಗೆ ಬೆಳಗಿನಿಂದ ಸಂಜೆಯವರೆಗೆ ಕೂತರು. ಕೊನೆಯ ಮಾತು ಮೇಷ್ಟ್ರದು ಎಂಬ ನನ್ನ ಕಾನೂನನ್ನು ಎತ್ತಿ ಪಕ್ಕಕ್ಕಿಟ್ಟು ತಮ್ಮದೇ ಕಾನೂನು ಮಾಡಿಕೊಂಡರು. ಒಂದು ಕನ್ನಡಕವನ್ನು ಇಬ್ಬರು ಬೇರೆ ಬೇರೆಯಾಗಿ ಅಳೆಯುವುದು, ಒಬ್ಬರದು ಒಬ್ಬರು ನೋಡದೆ ಬರೆದಿಡುವುದು, ಎರಡೂ ಹೊಂದಿದರೆ ತಟ್ಟೆಗೆ, ಹೊಂದದಿದ್ದರೆ ಮೂರನೆಯವರ ಕೈಗೆ. ನಲವತ್ತು ವರ್ಷದಲ್ಲಿ ನನಗೆ ಇದು ಹೊಳೆದಿರಲಿಲ್ಲ. ನನ್ನ ಮೇಲೆ ಇನ್ನೊಬ್ಬರು ಕಣ್ಣಿಡುವುದೇ ಎಂಬ ಹಮ್ಮು. ಕೆಂಪು ಬಕೆಟ್ಟನ್ನು ಮೇಜಿನ ಮೇಲೆ ಸುರಿದು ಮತ್ತೆ ಅಳೆದರು. ನೂರ ಹದಿನೆಂಟರಲ್ಲಿ ನೂರ ಒಂದು ಸರಿಯಾಗಿದ್ದವು. ಹದಿನೇಳು ಮಾತ್ರ ಗೀರು ಬಿದ್ದು ನಿಜವಾಗಿಯೂ ಕೆಟ್ಟಿದ್ದವು. ಬಿಸಿನೀರು ಒಂದನ್ನೂ ಕೆಡಿಸಿರಲಿಲ್ಲ.

ಭಾನುವಾರ ವಾಚನಾಲಯದ ಅಂಗಳದಲ್ಲಿ ಬೆಂಚು ಹಾಕಿದರು. ಇನ್ನೂರ ಹನ್ನೆರಡರಲ್ಲಿ ಇನ್ನೂರ ಮೂರು ಮಂದಿಗೆ ಕನ್ನಡಕ ಸಿಕ್ಕಿತು. ಒಂಬತ್ತು ಜನರ ಪವರ್ ನಮ್ಮಲ್ಲಿರಲಿಲ್ಲ, ಅವರ ಹೆಸರು ಬರೆದಿಟ್ಟಿದ್ದೇವೆ. ನನ್ನನ್ನು ಸುಮ್ಮನೆ ಕೂರಿಸುತ್ತಾರೆ ಎಂದುಕೊಂಡಿದ್ದೆ. ಲಂಬೂ ಒಂದು ಬೋಗುಣಿ ಬಿಸಿನೀರು ತಂದು ಮುಂದಿಟ್ಟು, ಈ ಸಲ ಬಿಸಿನೀರು ನಿಮಗೇ ಮೇಷ್ಟ್ರೇ ಎಂದ. ಕಡ್ಡಿಯನ್ನು ನೀರಿನಲ್ಲಿ ಮೆದು ಮಾಡಿ, ಅವರವರ ಕಿವಿಗೆ, ಮೂಗಿಗೆ ಬಗ್ಗಿಸಿ ಕೂರಿಸುವ ಕೆಲಸ. ಅದಕ್ಕೆ ಕಣ್ಣೇ ಬೇಡ, ಬೆರಳು ಸಾಕು. ಇನ್ನೂರ ಮೂರು ಜೊತೆ ಕಿವಿ ಮುಟ್ಟಿ ನೋಡಿದ್ದೇನೆ ಈ ಭಾನುವಾರ. ಹೊಲಿಗೆ ಕಾರ್ಖಾನೆಯಿಂದ ಒಬ್ಬ ಹೆಂಗಸು ಬಂದಿದ್ದಳು. ಇಪ್ಪತ್ತು ವರ್ಷ ಮೆಷಿನ್ ಮೇಲೆ ಕೂತವಳನ್ನು, ದಾರ ಪೋಣಿಸಲು ಆಗುತ್ತಿಲ್ಲವೆಂದು ಎಬ್ಬಿಸಿ, ಅಂಗಿಗಳ ದಾರದ ತುದಿ ಕತ್ತರಿಸಲು ಹಾಕಿದ್ದರಂತೆ. ಕನ್ನಡಕ ಕೂರಿಸಿದ ಮೇಲೆ ಅವಳು ಸೆರಗಿಗೆ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದು, ನಿಂತಲ್ಲೇ ದಾರ ಪೋಣಿಸಿದಳು, ಬಿಚ್ಚಿದಳು, ಮತ್ತೆ ಪೋಣಿಸಿದಳು. ಗೇಟಿನವರೆಗೆ ಹೋದವಳು ತಿರುಗಿ ಬಂದು ಗಡಿಯಾರಳ ಗಲ್ಲ ಹಿಡಿದು, ‘ನಾಳೆಯಿಂದ ಮೆಷಿನ್ ಮೇಲೆ ಕೂರ್ತೀನಿ ಮಗಾ’ ಎಂದು ಹೇಳಿ ಹೋದಳು. ಅವಳು ತೊಟ್ಟು ಹೋದ ಕನ್ನಡಕ ಕೆಂಪು ಬಕೆಟ್ಟಿನಲ್ಲಿದ್ದದ್ದು ಎಂದು ಆ ಹುಡುಗಿ ನನಗೆ ಆಮೇಲೆ ಹೇಳಿದಳು.

ಇನ್ನೊಂದು ಕೆಲಸ ಮಕ್ಕಳೇ ಯೋಚಿಸಿ ಮಾಡಿದರು. ಬಂದವರನ್ನೆಲ್ಲ ಗೋಡೆಯ ಕೂಡುಗೆರೆಯ ಮುಂದೆ ನಿಲ್ಲಿಸಿ, ಒಂದೊಂದೇ ಕಣ್ಣು ಮುಚ್ಚಿಸಿ, ಗೆರೆ ನೆಟ್ಟಗಿದೆಯೇ ಎಂದು ಕೇಳಿದರು. ಇಬ್ಬರಿಗೆ ಬಾಗಿ ಕಂಡಿತು, ಒಬ್ಬ ಲಾರಿ ಚಾಲಕ, ಒಬ್ಬಳು ಅಜ್ಜಿ. ಇಬ್ಬರನ್ನೂ ಸೋಮವಾರವೇ ಲಂಬೂ ಆಸ್ಪತ್ರೆಗೆ ಕರೆದುಕೊಂಡು ಹೋದ. ಸಂಜೆ ಎಲ್ಲರ ಸರ್ಟಿಫಿಕೇಟಿಗೆ ಸಹಿ ಹಾಕಲು ಕೂತೆ. ಗಡಿಯಾರಳ ಕಾಗದದಲ್ಲಿ ಎಪ್ಪತ್ತೈದು ಗಂಟೆ ಎಂದು ಬರೆಯಹೊರಟರೆ ಅವಳು ತಡೆದಳು. ‘ನಲವತ್ತೇ ಬರೀರಿ ಮೇಷ್ಟ್ರೇ. ಮಿಕ್ಕಿದ್ದು ನನಗಿರಲಿ’ ಎಂದಳು. ರಜೆ ಇನ್ನೂ ಹನ್ನೆರಡು ದಿನವಿದೆ. ಉಳಿದ ಒಂಬತ್ತು ಜನಕ್ಕೆ ಗಾಜು ಹುಡುಕಬೇಕು, ಮೇಡಂ ಇನ್ನೊಂದು ಪೆಟ್ಟಿಗೆ ಕನ್ನಡಕ ತರಿಸಿದ್ದಾರೆ, ನಾಯಿಮರಿಗಳ ಕಡೆಯಿಂದ ಇಬ್ಬರು ಮಕ್ಕಳು ನಮ್ಮ ಕಡೆಗೆ ಬಂದಿದ್ದಾರೆ. ಕಾಲೇಜು ಶುರುವಾದ ಮೇಲೂ ಭಾನುವಾರ ಬರುತ್ತೇವೆ ಎನ್ನುತ್ತಿದ್ದಾರೆ, ನೋಡೋಣ. ನಾನು ಗೆರೆ ನೋಡುವುದಿಲ್ಲ. ನೋಡುವವರ ಪಕ್ಕದಲ್ಲಿ ಕೂತು ಹೇಳಿಕೊಡುತ್ತೇನೆ.

ಇಷ್ಟು ಓದಿ ಗಾಬರಿಯಿಂದ ಹೊರಡಬೇಡ. ಮುಂದಿನ ಸೂಜಿಗೆ ಜೊತೆಗೆ ಬರುವ ಸರದಿ ಲಂಬೂವಿನದು ಎಂದು ಅವರವರಲ್ಲೇ ತೀರ್ಮಾನವಾಗಿದೆ. ಮಗಳಿಗೆ ನೀನು ಅಲ್ಲಿ ಬೇಕು. ಹೇಳಿದ್ದಷ್ಟು ದಿನ ಇದ್ದು, ಕೂಸಿನ ಕತ್ತು ನಿಂತ ಮೇಲೆ ಬಾ. ಮಗಳಿಗೆ ನನ್ನ ಆಶೀರ್ವಾದ, ಅಳಿಯನಿಗೂ. ಬೀಗರು ಬಂದಿದ್ದರೆ ನಮಸ್ಕಾರ ತಿಳಿಸು. ಕೂಸಿಗೆ ತಾತನ ಮುತ್ತು, ಹಣೆಗೆ ಒಂದು, ಆ ಮೂಗಿಗೆ ಒಂದು. ಮುಲಾಮು ಹಚ್ಚಿಕೋ.

ನಿನ್ನ ಮಾತು ಕೇಳದೆ ಕೆಟ್ಟು, ಮಕ್ಕಳ ಮಾತು ಕೇಳಿ ಉಳಿದ,
ನಿನ್ನವನು

ಮರೆತಿದ್ದೆ ಎಂದು ಸುಳ್ಳು ಹೇಳುವುದಿಲ್ಲ. ಇಷ್ಟು ಉದ್ದ ಬರೆದದ್ದೇ ಇದನ್ನು ಬರೆಯಲು ಧೈರ್ಯ ಸಾಲದೆ. ಲಂಬೂ ಅಂಚೆಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ನಿನ್ನ ಮೂಗಿನ ಮೇಲಿರುವ ಕನ್ನಡಕ ತೆಗೆದಿಡು, ಇನ್ನು ಅದನ್ನು ಹಾಕಿಕೊಳ್ಳಬೇಡ. ಅಂಗಡಿ ಮುಚ್ಚಿದ ಮೇಲೆ ನಾನು ಕನ್ನಡಕ ಮಾಡಿದ್ದು ಒಬ್ಬರಿಗೇ, ನಿನಗೆ. ಹೋದ ವರ್ಷ, ಒಂದೇ ಅಳತೆಯ ಎರಡು ಜೊತೆ. ಹಾಕಿಕೊಂಡ ದಿನದಿಂದ ನೀನು ತಲೆನೋವು ಎಂದೆ, ಅಡುಗೆಮನೆಯ ನೆಲ ಓರೆಯಾಗಿ ಕಾಣುತ್ತದೆ ಎಂದೆ. ಇದು ನಲವತ್ತು ವರ್ಷ ಪಳಗಿದ ಕೈ, ಓರೆ ಇರುವುದು ನಿನ್ನ ತಲೆ ಎಂದು ನಾನು ನಕ್ಕೆ. ನೀನು ಹೇಳುವುದನ್ನು ಬಿಟ್ಟೆ. ತಲೆನೋವು ಬಿಟ್ಟಿರಲಿಲ್ಲ ಎಂದು ಈಗ ತಿಳಿಯುತ್ತಿದೆ. ಡ್ರಾಯರಿನಲ್ಲಿದ್ದ ಎರಡನೇ ಜೊತೆಯನ್ನು ನಿನ್ನೆ ಮಕ್ಕಳ ಕೈಗೆ ಕೊಟ್ಟೆ. ಮೂವರು ಬೇರೆ ಬೇರೆಯಾಗಿ ಅಳೆದು ಒಂದೇ ಉತ್ತರ ಬರೆದರು. ವೈದ್ಯರ ಚೀಟಿಗಿಂತ ಗಾಜು ಹದಿನೆಂಟು ಡಿಗ್ರಿ ಓರೆ ಕೂತಿದೆ. ನನ್ನ ಆ ಕಣ್ಣು ಆಗಲೇ ಕೆಟ್ಟಿತ್ತು, ನಾನು ಒಂದು ವರ್ಷ ನಿನ್ನನ್ನು ದೂರಿದೆ. ಹೊಟ್ಟೆಗೆ ಹಾಕಿಕೋ. ಜೊತೆಗಿರುವ ಡಬ್ಬಿಯಲ್ಲಿ ಹೊಸದಿದೆ. ಅಳೆದವರು ಮೂವರು, ಗಾಜು ಕೂರಿಸಿದವಳು ಗಡಿಯಾರ, ಕಡ್ಡಿ ಬಗ್ಗಿಸಿದ್ದು ಮಾತ್ರ ನಾನು. ನಿನ್ನ ಕಿವಿಯ ಅಳತೆ ನನ್ನ ಬೆರಳಿಗೆ ಗೊತ್ತು. ಮೊದಲು ಅದನ್ನು ಹಾಕಿಕೊಂಡು ಕೂಸಿನ ಮುಖ ನೋಡು. ನನ್ನನ್ನು ಬೈಯುವುದು ಆಮೇಲೆ.